ಅಕ್ಟೋಬರ್ ಪ್ರೀಮಿಯರ್ ಒಪ್ಪಿಕೊಳ್ಳಿ, ಫೆಬ್ರವರಿಯದು ಬೇಡ

ಆಗಸ್ಟ್‌ನಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಎಚ್-1ಬಿ ವೀಸಾ ಮೇಲೆ ಕಾಂಪೊಸಿಷನ್ (ಸಂಗೀತ ರಚನೆ) ಕಲಿಸಲು ಬರುತ್ತಿದ್ದೀರಿ, ಪಾಠದ ನಡುವೆ ಸ್ವಂತ ಕೃತಿ ಬರೆಯಲು ಬಿಡುವು ಸಿಗುತ್ತದೆಯೇ ಅಂತ ಕೇಳಿದ್ದೀರಿ. ಸಿಗುತ್ತದೆ, ಆದರೆ ಸೆಮಿಸ್ಟರ್ ಒಳಗೆ ಹುಡುಕಬೇಡಿ. ಸಂಬಳ ಸಾಮಾನ್ಯವಾಗಿ 9 ತಿಂಗಳ ಕೆಲಸಕ್ಕೆ. ಮೇ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಾಲವೇ ನಿಮ್ಮದು.

ಹಾಗಾಗಿ ಕಮಿಷನ್ (ದಲ್ಲಾಳಿ ದುಡ್ಡಲ್ಲ, ಹೊಸ ಕೃತಿಯ ಆರ್ಡರ್) ಬಂದಾಗ ಮೊದಲು ಪ್ರೀಮಿಯರ್ (ಮೊದಲ ಪ್ರದರ್ಶನ) ತಾರೀಖು ನೋಡಿ, ದುಡ್ಡು ಆಮೇಲೆ. ಮೊದಲ ರಿಹರ್ಸಲ್‌ಗೆ ಎರಡು ತಿಂಗಳು ಮುಂಚೆ ಪಾರ್ಟ್‌ಗಳು (ಒಂದೊಂದು ವಾದ್ಯಕ್ಕೆ ಬೇರೆಬೇರೆ ಬರೆದ ಹಾಳೆಗಳು) ಆರ್ಕೆಸ್ಟ್ರಾದ ಲೈಬ್ರರಿಯನ್ ಕೈ ಸೇರಿರಬೇಕು. ಫೆಬ್ರವರಿ ಪ್ರೀಮಿಯರ್ ಅಂದರೆ ಡಿಸೆಂಬರ್ ಶುರುವಿನಲ್ಲೇ ಕೊಡಬೇಕು. ಜ್ಯೂರಿ (ಅಧ್ಯಾಪಕರ ಮಂಡಳಿ ನಡೆಸುವ ಮೌಲ್ಯಮಾಪನ), ಪರೀಕ್ಷೆ, ಗ್ರೇಡು ಎಲ್ಲ ಆಗಲೇ. ಅಕ್ಟೋಬರ್ ಕೊನೆಯದಾದರೆ ಕ್ಲಾಸು ಶುರುವಾಗುವ ಹೊತ್ತಿಗೆ ಕೈ ಖಾಲಿ.

ಹೊಸಬರ ಲೆಕ್ಕ ತಪ್ಪುವುದು ಪಾರ್ಟ್‌ಗಳಲ್ಲಿ. 12 ನಿಮಿಷದ ಆರ್ಕೆಸ್ಟ್ರಾ ಕೃತಿಗೆ ಸುಮಾರು 25–30 ಪಾರ್ಟ್. ಒಂದೊಂದರ ಪ್ರೂಫ್‌ಗೆ ಒಂದೂವರೆ ಗಂಟೆ ಹಿಡಿದರೂ ಪೂರ್ತಿ ಒಂದು ವಾರದ ಕೆಲಸ. ಸಾಫ್ಟ್‌ವೇರ್ ತಾನಾಗಿ ಜೋಡಿಸಿದ ಪುಟಗಳನ್ನು ನಂಬಬೇಡಿ. ವಯೋಲಾದವರ ಬಲಪುಟ ವೇಗದ ಸ್ವರಗಳ ಮಧ್ಯದಲ್ಲೇ ಮುಗಿದರೆ, ಹಾಳೆ ತಿರುಗಿಸಲು ಇಬ್ಬರು ಹಂಚಿಕೊಳ್ಳುವ ಪ್ರತಿ ಸ್ಟ್ಯಾಂಡಿನಲ್ಲಿ ಒಬ್ಬರು ಕಮಾನು ಎತ್ತುತ್ತಾರೆ, ಅರ್ಧ ನಾದ ಮಾಯ. ಬಲಪುಟದ ಕೊನೆಗೆ ವಿರಾಮ ಬರುವಂತೆ ಜೋಡಿಸಿ, ಪುಟದ ಕೆಳಗೆ ಖಾಲಿ ಉಳಿದರೂ ಚಿಂತೆಯಿಲ್ಲ. ಗಮಕ ಬರೆಯುವವರಾದರೆ ಚಿಹ್ನೆಗಳ ಅರ್ಥ ಸ್ಕೋರಿನಲ್ಲಷ್ಟೇ (ಎಲ್ಲ ವಾದ್ಯಗಳನ್ನೂ ಒಟ್ಟಿಗೆ ಬರೆದ ಪ್ರತಿ) ಇದ್ದರೆ ಸಾಲದು. ವಾದಕರು ಸ್ಕೋರ್ ನೋಡುವುದೇ ಇಲ್ಲ. ಪ್ರತಿ ಪಾರ್ಟಿನ ಮೊದಲ ಪುಟದಲ್ಲಿ ಹಾಕಿ, ಹಾಡಿದ ಆಡಿಯೊ ಜೊತೆಗೆ ಕಳಿಸಿ. ಅಂದಹಾಗೆ, ಸಂಗೀತ ಬರೆಯುವ ಸಾಫ್ಟ್‌ವೇರ್ ಫಿನಾಲೆಯ ತಯಾರಿಕೆ 2024ರಲ್ಲೇ ನಿಂತಿತು. ಹಳೆಯ ಫೈಲುಗಳನ್ನು ಬೇರೆ ಸಾಫ್ಟ್‌ವೇರ್‌ಗಳೂ ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ಈಗಲೇ ತೆಗೆದಿಡಿ.

ವೀಸಾ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್-1ಬಿ ಆ ವಿಶ್ವವಿದ್ಯಾಲಯದ ಕೆಲಸಕ್ಕೆ ಮಾತ್ರ. ಹೊರಗಿನ ಆರ್ಕೆಸ್ಟ್ರಾದ ಸಂಭಾವನೆ ಬೇರೆ ಕೆಲಸ ಅನ್ನಿಸಿಕೊಳ್ಳಬಹುದು. ಆ ಆರ್ಕೆಸ್ಟ್ರಾದಿಂದಲೇ ಇನ್ನೊಂದು ವೀಸಾ ಅರ್ಜಿ ಹಾಕಿಸಬೇಕೇ ಅಂತ ಇಮಿಗ್ರೇಷನ್ ವಕೀಲರನ್ನು ಕೇಳಿ, ಆಮೇಲೆ ಸಹಿ ಮಾಡಿ.

ಟೆನ್ಯೂರ್‌ಗೆ (ಕಾಯಂ ಹುದ್ದೆಗೆ) ಕೃತಿಗಳು ಸಂಶೋಧನೆಗೆ ಸಮ, ಆದರೆ ಯಾವ ಪ್ರದರ್ಶನಕ್ಕೆ ಎಷ್ಟು ತೂಕ ಅನ್ನುವುದು ವಿಭಾಗದಿಂದ ವಿಭಾಗಕ್ಕೆ ಬೇರೆ; ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕಾರ್ಯಕ್ರಮಪಟ್ಟಿ, ಆಹ್ವಾನ ಪತ್ರ, ರೆಕಾರ್ಡಿಂಗ್ ಬಂದ ದಿನವೇ ಫೈಲಿಗೆ ಸೇರಲಿ. ಆಫರ್ ಲೆಟರ್‌ಗೆ ಇನ್ನೂ ಸಹಿ ಹಾಕಿಲ್ಲವೆಂದರೆ, ಒಬ್ಬೊಬ್ಬರಿಗೆ ಕೊಡುವ ಪಾಠ ಎಷ್ಟು ಗಂಟೆಯಾದರೆ ಒಂದು ಕೋರ್ಸ್‌ಗೆ ಸಮ ಎಂದು ಅದರಲ್ಲೇ ಬರೆಸಿ. "ಇನ್ನಿಬ್ಬರು ವಿದ್ಯಾರ್ಥಿಗಳು ಅಷ್ಟೇ" ಅಂತ ಆಮೇಲೆ ಹೇಳುತ್ತಾರೆ. ಅವರ ಸ್ಕೋರ್ ತಿದ್ದುವುದೂ ಸೇರಿದರೆ ಅದು ವಾರಕ್ಕೆ ಎರಡು ಗಂಟೆಯಲ್ಲ, ನಾಲ್ಕು.