ಎರಡು ಸಲ ಹಾಸಿದ ನೆಲ

ತಮ್ಮಾ,

ಜೇವರ್ಗಿಯಿಂದ ಶಾರ್ಜಾಕ್ಕೆ ಬಂದು ಐದು ತಿಂಗಳಾಯ್ತು ಅಂತ ಬರೆದಿದ್ದೀಯ. ಕೇಳಿದ್ದು ಒಂದೇ ಮಾತು: "ಅಣ್ಣಾ, ಕಲಬುರಗಿಯಾಗ ಒಂದು ಪ್ಲಾಟು, ಇಲ್ಲಿ ಒಂದು ಕಾರು, ಅವ್ವನ ಕೊರಳಿಗೆ ಐದು ತೊಲಿ ಬಂಗಾರ. ಇಷ್ಟಾದ್ರ ಮನಸ್ಸಿಗೆ ಸಮಾಧಾನ ಸಿಗ್ತದೇನು? ನೀವು ಬಂದು ಇಷ್ಟು ವರ್ಷ ಆಗ್ಯಾವ, ಖರೆ ಹೇಳ್ರಿ."

ಖರೆ ಹೇಳಬೇಕು ಅಂದ್ರೆ ನಮ್ಮ ಮನೆ ನೆಲದ ಕಥೆ ಹೇಳಬೇಕು.

ನಮ್ಮದು ಚಿತ್ತಾಪುರದ ಕಡೆ ಒಂದು ಹಳ್ಳಿ. ಶಹಾಬಾದ್ ಕಲ್ಲಿನ ಸೀಮೆ. ಅಲ್ಲಿ ನೆಲ ಅಗೆದರೆ ಕಲ್ಲು ಪದರ ಪದರವಾಗಿ ಏಳುತ್ತದೆ, ಖಡಕ್ ರೊಟ್ಟಿ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಅಪ್ಪ ಕಲ್ಲಿನ ಗಣಿಯಲ್ಲಿ 28 ವರ್ಷ ದುಡಿದವನು. ಅವನು ಎಬ್ಬಿಸಿದ ಪರಸಿ, ಅಂದ್ರೆ ನೆಲಕ್ಕೆ ಹಾಸೋ ಕಲ್ಲು, ಯಾರ್ಯಾರ ಮನೆಗೋ ಹೋಯಿತು. ನಮ್ಮ ಮನೆಯಲ್ಲಿ ಮಾತ್ರ ಮಣ್ಣಿನ ನೆಲ. ವಾರಕ್ಕೊಮ್ಮೆ ಸೆಗಣಿ ಸಾರಿಸೋದು. ಮಳೆ ಹಿಡಿದರೆ ಗೋಡೆ ಬುಡದಲ್ಲಿ ನೀರು ಜಿನುಗಿ ಕೌದಿಯೆಲ್ಲ ಒದ್ದೆ. ಬಡತನದಾಗೇ ನೆಮ್ಮದಿ ಇತ್ತು ಅಂತ ಹೇಳೋರು ಇದ್ದಾರಲ್ಲ, ಅವರನ್ನ ಒಂದು ರಾತ್ರಿ ಆ ಕೌದಿ ಮೇಲೆ ಮಲಗಿಸಬೇಕು ಅನ್ನಿಸ್ತದೆ ನನಗೆ.

2006ರಲ್ಲಿ ದುಬೈಗೆ ಬಂದೆ. ಎಲೆಕ್ಟ್ರಿಷಿಯನ್ ಹೆಲ್ಪರ್ ಕೆಲಸ, ತಿಂಗಳಿಗೆ 900 ದಿರ್ಹಮ್. ಆಗ ಒಂದು ದಿರ್ಹಮ್‌ಗೆ 12 ರೂಪಾಯಿ ಆಸುಪಾಸು. ಸೋನಾಪುರದ ಕೂಲಿಕಾರರ ಕ್ಯಾಂಪಿನಲ್ಲಿ ಒಂದು ರೂಮಿಗೆ ಹತ್ತು ಜನ. ಹೆಸರು ನೋಡು, ಬಂಗಾರದ ಊರು! ಏಜೆಂಟನಿಗೆ ಕೊಡಲು ಸಾಹುಕಾರನ ಹತ್ತಿರ ಬಡ್ಡಿಗೆ ತಂದಿದ್ದೆವು. ಅವ್ವನ ಬೋರಮಾಳ ಗಿರವಿ ಇಟ್ಟಿದ್ದೆವು. ಮೊದಲ ಎರಡು ವರ್ಷ ದುಡಿದದ್ದೆಲ್ಲ ಅದಕ್ಕೇ ಹೋಯಿತು. ಬೋರಮಾಳ ಬಿಡಿಸಿಕೊಂಡು ಬಂದ ದಿನ ಅಪ್ಪ ಫೋನಿನಲ್ಲಿ ಏನೂ ಮಾತಾಡಲಿಲ್ಲ. ಸುಮ್ನೆ ಕೆಮ್ಮಿದ. ಆ ರಾತ್ರಿ ನಾನು ಬಂದಾಗಿನಿಂದ ಮೊದಲ ಸಲ ಎಚ್ಚರವಿಲ್ಲದೆ ಮಲಗಿದೆ. ಮೇಲಿನ ಬಂಕ್‌ನವನು ಬೆಳಗಿನ ನಾಲ್ಕಕ್ಕೆ ಕಾಲಿನಿಂದ ಒದ್ದು ಎಬ್ಬಿಸಿದ, ಬಸ್ ಹೋಗ್ತದೆ ಅಂತ.

2009ರಲ್ಲಿ ಮನೆಗೆ ಪರಸಿ ಹಾಕಿಸಲು ದುಡ್ಡು ಕಳಿಸಿದೆ. ಗೌಂಡಿಯವರನ್ನು ಕರೀರಿ ಅಂದ್ರೆ ಅಪ್ಪ ಕೇಳಲಿಲ್ಲ. ತಾನೇ ಗಣಿಗೆ ಹೋಗಿ ಒಂದೊಂದೇ ಕಲ್ಲು ಆರಿಸಿ ತಂದ. ಬೆರಳ ಗೆಣ್ಣಿನಿಂದ ಬಡಿದು ಕಿವಿ ಇಟ್ಟು ಕೇಳ್ತಿದ್ದ. ಠಣ್ ಅಂದರೆ ಗಟ್ಟಿ. ಬೊದ್ ಅಂದರೆ ಒಳಗೆ ಬಿರುಕಿದೆ, ಆಚೆ ಇಡು. ಹಾಸಿ ಮುಗಿದ ಮೇಲೆ ಫೋನ್ ಮಾಡಿದ: "ಇವತ್ತ ಯಾರೂ ಚಾಪಿ ಹಾಸಿಲ್ಲಪ. ಎಲ್ಲಾರೂ ಬರೇ ನೆಲದ ಮ್ಯಾಲೆ ಮಲಗೀವಿ. ಥಣ್ಣಗ ಅದ." ಮೇ ತಿಂಗಳು. ನಮ್ಮ ಕಡೆ 43, 44 ಡಿಗ್ರಿ ಅಂದ್ರೆ ಹೇಗಿರ್ತದೆ ನಿನಗೆ ಗೊತ್ತಲ್ಲ. ಎಷ್ಟು ಖರ್ಚಾಯಿತು ಅಂತ ನನಗೆ ಈಗ ನೆನಪಿಲ್ಲ. ಆ "ಥಣ್ಣಗ ಅದ" ಮಾತ್ರ ಇನ್ನೂ ಕಿವಿಯಲ್ಲಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಿನಗೆ ಉತ್ತರ ಸಲೀಸಾಗಿತ್ತು. ಹೌದು ತಮ್ಮಾ, ದುಡ್ಡಿನಿಂದ ಸಮಾಧಾನ ಸಿಗ್ತದೆ, ನಾನೇ ನೋಡೀನಿ ಅಂತ ಬರೆದು ಮುಗಿಸ್ತಿದ್ದೆ.

ಆದರೆ ನಾನು ನಿಲ್ಲಿಸಲಿಲ್ಲ. ಸೂಪರ್‌ವೈಸರ್ ಆದೆ, ಸಂಬಳ ಏರಿತು. ಅಷ್ಟರಲ್ಲಿ ಅಪ್ಪ ತೀರಿಕೊಂಡ. ನಮ್ಮ ಓಣಿಯಲ್ಲೇ ಸೌದಿಗೆ ಹೋದವನೊಬ್ಬ ಎರಡು ಅಂತಸ್ತಿನ ಮನೆ ಕಟ್ಟಿಸಿದ. ರಜೆಗೆ ಹೋದಾಗ ಎಲ್ಲರೂ ಕೇಳೋರು: "ನಿಂದು ಯಾವಾಗ?" 2017ರಲ್ಲಿ ಹಳೆ ಮನೆ ಕೆಡವಿಸಿದೆ. ಅಪ್ಪ ಹಾಸಿದ ಪರಸಿ ಕಿತ್ತು ಹೊರಗೆ ಹಾಕಿಸಿದೆ. ಹೊಳೆಯೋ ಟೈಲ್ಸ್, ಮೇಲೆ ಮೂರು ಖೋಲಿ, ಮುಂದೆ ಸ್ಟೀಲ್ ಗೇಟು. ಊರಲ್ಲಿ ಸಾಲ, ಇಲ್ಲಿಯೂ ಬ್ಯಾಂಕ್ ಸಾಲ. ಅದೇ ಹೊತ್ತಿಗೆ ಇಲ್ಲಿ ಕಾರು ಬೇರೆ ತಗೊಂಡೆ. ಮೊದಲ ಆರು ತಿಂಗಳು ರಾತ್ರಿ ಎದ್ದು ಬಾಲ್ಕನಿಯಿಂದ ಬಗ್ಗಿ ನೋಡ್ತಿದ್ದೆ, ಯಾರಾದ್ರೂ ಗೀರು ಹಾಕಿದ್ರಾ ಅಂತ. ನಾಲ್ಕನೇ ಮಹಡಿಯಿಂದ ಗೀರು ಕಾಣ್ತದಾ? ಆದ್ರೂ ನೋಡ್ತಿದ್ದೆ.

2020ರಲ್ಲಿ ಕೊರೊನಾ ಬಂದು ಕಂಪನಿ ಎಂಟು ತಿಂಗಳು ಅರ್ಧ ಸಂಬಳ ಕೊಟ್ಟಿತು. ಕಂತು ಮಾತ್ರ ಅರ್ಧ ಆಗಲಿಲ್ಲ. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲ್ಲ.

ಆಮೇಲೆ ಊರಿಗೆ ಹೋದಾಗ ಅವ್ವ ಅಂದಳು: "ಕಸ ಹೊಡ್ಯಾಕ ಮೂರು ಖೋಲಿ ಜಾಸ್ತಿ ಮಾಡಿ ಕೊಟ್ಟಿ ನೋಡು." ಬೈದದ್ದಲ್ಲ, ನಗ್ತಾನೇ ಅಂದಳು. ಮೇಲಿನ ಖೋಲಿಗಳಿಗೆ ಬೀಗ. ಟೈಲ್ಸ್ ಮೇಲೆ ನೀರು ಬಿದ್ದಾಗ ಒಮ್ಮೆ ಜಾರಿ ಮುಂಗೈ ಮುರಿದುಕೊಂಡಿದ್ದಳು. ನನಗೆ ಹೇಳಿರಲಿಲ್ಲ. ಹಿತ್ತಲಿಗೆ ಹೋದರೆ ಬೇವಿನ ಗಿಡದ ಕೆಳಗೆ ನಾಲ್ಕು ಪರಸಿ ಒಪ್ಪವಾಗಿ ಹಾಸಿದ್ದವು. ಕಿತ್ತು ಹಾಕಿದ್ದರಲ್ಲಿ ಒಡೆಯದೆ ಉಳಿದವನ್ನು ಎತ್ತಿಟ್ಟುಕೊಂಡಿದ್ದಳು. ಮಧ್ಯಾಹ್ನ ಓಣಿಯ ಹೆಂಗಸರು ಅಲ್ಲೇ ಕೂತು ತೊಗರಿ ಹಸನು ಮಾಡ್ತಾರೆ. ಅವ್ವ ಅಲ್ಲೇ ಸೆರಗು ಹಾಸಿ ಒಂದು ನಿದ್ದೆ ತೆಗೀತಾಳೆ. ನಾನು ಗೆಣ್ಣಿನಿಂದ ಬಡಿದು ನೋಡಿದೆ. ಠಣ್ ಅಂತು.

ಆ ಸಲ ಅಲ್ಮಾರಿ ತೆಗೆದರೆ ನಾನು ವರ್ಷ ವರ್ಷ ಹೊತ್ತು ತಂದ ಹುಲಿ ಚಿತ್ರದ ದಪ್ಪ ಬ್ಲ್ಯಾಂಕೆಟ್‌ಗಳು, ಏಳು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ. ಕಲಬುರಗಿಯ ಬಿಸಿಲಿಗೆ ಬ್ಲ್ಯಾಂಕೆಟ್! 30 ಕಿಲೋ ಲಗೇಜಿನಲ್ಲಿ ಅರ್ಧ ಅದೇ ಇರ್ತಿತ್ತು. ಯಾರಿಗಾಗಿ ತಂದೆ ಅಂದ್ರೆ, ಹೈದರಾಬಾದಿನಿಂದ ಜೀಪು ಬಂದು ನಿಂತಾಗ ಸಾಮಾನು ಇಳಿಸೋದನ್ನ ನೋಡೋರಿಗಾಗಿ.

ಇಲ್ಲಿನ ವಸ್ತುಗಳ ಬಗ್ಗೆ ಒಂದು ಮಾತು. ನಮ್ಮ ಫ್ರಿಜ್ಜು ಊರಿಗೆ ವಾಪಸ್ ಹೊರಟಿದ್ದ ಕೇರಳದವನೊಬ್ಬನಿಂದ 150 ದಿರ್ಹಮ್‌ಗೆ ತಗೊಂಡದ್ದು. 22 ವರ್ಷ ಇಲ್ಲಿದ್ದವನು. ಬಾಗಿಲು ಮೊಣಕಾಲಿನಿಂದ ಹೇಗೆ ಒತ್ತಿ ಮುಚ್ಚಬೇಕು ಅಂತ ಎರಡು ಸಲ ತೋರಿಸಿ ಕೊಟ್ಟ. ನಾವೂ ಯಾರಿಗೋ ಹಾಗೇ ತೋರಿಸಿ ಹೋಗೋರು. ಕೆಲಸ ಇದ್ದಷ್ಟು ದಿನ ವೀಸಾ, ವೀಸಾ ಇದ್ದಷ್ಟು ದಿನ ಸಾಮಾನು.

ನಿನ್ನ ಪಟ್ಟಿಗೆ ಬರ್ತೀನಿ. ಅವ್ವನ ಬಂಗಾರ ಮಾಡಿಸು, ಅವಳು ಕೇಳಿದ್ದರೆ. ಕಾರು ಈಗ ಬೇಡ. ದಿರ್ಹಮ್ 23 ರೂಪಾಯಿ ದಾಟಿದೆ ಅಂತ ಹಿಗ್ಗಬೇಡ, ಊರಲ್ಲಿ ಪ್ಲಾಟಿನ ರೇಟು ಅದಕ್ಕಿಂತ ಜೋರಾಗಿ ಓಡಿದೆ. ನಿನ್ನ ಕಾಂಟ್ರ್ಯಾಕ್ಟ್ ತೆಗೆದು ಬೇಸಿಕ್ ಎಷ್ಟು ಬರೆದಿದ್ದಾರೆ ನೋಡು. ಒಟ್ಟು ಸಂಬಳ ಎಷ್ಟೇ ಇರಲಿ, ಬಿಟ್ಟು ಹೋಗುವಾಗ ಸಿಗೋ ಗ್ರಾಚ್ಯುಟಿ ಬೇಸಿಕ್ ಮೇಲೇ. ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು. ಇದನ್ನ ನನಗೆ ಯಾರೂ ಹೇಳಿರಲಿಲ್ಲ, ಒಂಬತ್ತು ವರ್ಷ ಆದ ಮೇಲೆ ಗೊತ್ತಾಯಿತು.

ಪ್ಲಾಟಿನ ಬಗ್ಗೆ ಆಮೇಲೆ ಮಾತಾಡೋಣ. ಭಾನುವಾರ ರಜೆ ಇದ್ರೆ ಮನೆಗೆ ಬಾ, ನಿಮ್ಮ ಅತ್ತಿಗೆ ರೊಟ್ಟಿ ಬಡೀತಾಳೆ, ಊರಿನ ಶೇಂಗಾ ಹಿಂಡಿ ಇನ್ನೂ ಒಂದು ಡಬ್ಬಿ ಇದೆ. ಬರುವಾಗ ಕಾಂಟ್ರ್ಯಾಕ್ಟ್ ತಗೊಂಡು ಬಾ. ಮತ್ತೆ, ಪತ್ರದಲ್ಲಿ ಎಲ್ಲಾ ಬರೆದಿದ್ದೀಯ, ಏಜೆಂಟನಿಗೆ ಕೊಡಲು ತಂದ ಸಾಲ ಎಷ್ಟು ಉಳಿದಿದೆ ಅಂತ ಒಂದೇ ಬರೆದಿಲ್ಲ. ಅದನ್ನ ಮೊದಲು ಹೇಳು.