ಡ್ರಮ್ ಗ್ರಿಲ್ ಮೇಲೆ ಮೊದಲು ಯಾವ ಪಕ್ಕೆ?

ಪ್ರಶ್ನೆ: ಹಳೇ ಡ್ರಮ್ ಒಂದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಸೀಳಿಸಿ, ಮುಚ್ಚಳ ಸಮೇತ ಗ್ರಿಲ್ ಮಾಡಿಸಿಕೊಂಡಿದ್ದೇನೆ. ಇಷ್ಟು ದಿನ ಸುಟ್ಟಿದ್ದು ಬರೀ ಚಿಕನ್. ಈಗ ರಿಬ್ಸ್ ಮಾಡುವ ಆಸೆ. ವಿಡಿಯೋಗಳಲ್ಲಿ ಆ ದೊಡ್ಡ ಬೀಫ್ ರಿಬ್ಸ್ ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ನನ್ನ ಬಾಮೈದ ಮಾತ್ರ "ಮೊದಲು ಪೋರ್ಕ್‌ನಲ್ಲಿ ಕೈ ಪಳಗಿಸ್ಕೊಳ್ಳಿ ಭಾವ" ಅಂತಾನೆ. ಯಾರ ಮಾತು ಕೇಳಲಿ?
- ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ಬಾಮೈದನ ಮಾತು ಕೇಳಿ ಸಾರ್. ಹೀಗೆ ಹೇಳುವ ಸಂದರ್ಭ ಜೀವನದಲ್ಲಿ ಜಾಸ್ತಿ ಬರೋದಿಲ್ಲ!

ನೀವು ವಿಡಿಯೋದಲ್ಲಿ ನೋಡುವ ಬೀಫ್ ಎಳೇ ದನದ್ದು, ಕಾಳು ತಿನ್ನಿಸಿ ಕೊಬ್ಬಿಸಿದ್ದು. ನಮ್ಮಲ್ಲಿ ಕಥೆಯೇ ಬೇರೆ. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಪ್ರಕಾರ ಕರ್ನಾಟಕದಲ್ಲಿ ಹಸು, ಕರು, ಎತ್ತು, ಹೋರಿ ಯಾವುದನ್ನೂ ಕಡಿಯುವಂತಿಲ್ಲ, 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ ಅವಕಾಶ. ಅಂದರೆ ಕಾನೂನು ಪ್ರಕಾರ ನಿಮ್ಮ ಕೈಗೆ ಸಿಗೋದು ವಯಸ್ಸಾದ ಎಮ್ಮೆಯ ಪಕ್ಕೆ. ಅದರ ನಾರು ಗಟ್ಟಿ, ಮಾಂಸದ ಒಳಗೆ ಹೆಣೆದುಕೊಂಡ ಕೊಬ್ಬು ಕಮ್ಮಿ. ಎಳೇ ದನದ ಪಕ್ಕೆಗೇ ಏಳೆಂಟು ಗಂಟೆ ಸಣ್ಣ ಶಾಖ ಬೇಕು, ಇನ್ನು ಇದಕ್ಕೆ ಎಷ್ಟು ಹೊತ್ತು ಅಂತ ನೀವೇ ಲೆಕ್ಕ ಹಾಕಿ. ಅಷ್ಟು ಹೊತ್ತು ಇದ್ದಿಲಿನ ಶಾಖವನ್ನು ಒಂದೇ ಸಮ ಇಟ್ಟುಕೊಳ್ಳೋದು ಹೊಸಬರ ಕೈಲಿ ಆಗೋ ಕೆಲಸ ಅಲ್ಲ.

ಹಂದಿ ಪಕ್ಕೆ ಹಾಗಲ್ಲ, ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಬೆನ್ನೆಲುಬಿಗೆ ಅಂಟಿದ ಭಾಗವನ್ನು ಬೇಬಿ ಬ್ಯಾಕ್ ಅಂತಾರೆ (ಮರಿ ಹಂದಿಯದ್ದು ಅಂತಲ್ಲ, ಮೂಳೆ ಚಿಕ್ಕದು ಅಷ್ಟೇ). ಅದು ನಾಲ್ಕೈದು ಗಂಟೆಯಲ್ಲಿ ಆಗುತ್ತದೆ. ಹೊಟ್ಟೆ ಕಡೆಯದು ಸ್ಪೇರ್ ರಿಬ್ಸ್, ಐದಾರು ಗಂಟೆ ಹಿಡಿದರೂ ಕೊಬ್ಬು ಜಾಸ್ತಿ ಇರೋದರಿಂದ ಬೇಗ ಒಣಗೋದಿಲ್ಲ. ಮೊದಲ ಸಲಕ್ಕೆ ನನ್ನ ಓಟು ಇದಕ್ಕೇ.

ಅಂಗಡಿಯಲ್ಲಿ ಒಂದು ಮಾತು ಮರೆಯಬೇಡಿ. ನಮ್ಮ ಕಡೆ ಎಲ್ಲರೂ ಸಾರಿಗೆ, ಫ್ರೈಗೆ ಅಂತಲೇ ತರೋದು, ಹಾಗಾಗಿ ನೀವು ಬಾಯಿ ಬಿಡುವ ಮೊದಲೇ ಕತ್ತಿ ಎತ್ತಿ ಪಕ್ಕೆಯನ್ನು ಅಡ್ಡಡ್ಡ ತುಂಡು ಮಾಡಿಬಿಡುತ್ತಾರೆ. "ಸೀಮೆ ಹಂದಿ ಪಕ್ಕೆ, ಇಡಿಯಾಗಿ ಕೊಡಿ, ಚರ್ಮ ಬೇಡ" ಅಂತ ಮೊದಲೇ ಹೇಳಿ. ಮನೆಗೆ ತಂದ ಮೇಲೆ ಮೂಳೆಯ ಹಿಂಬದಿಯ ತೆಳು ಪೊರೆಯನ್ನು ಚಮಚದ ಹಿಡಿಯಿಂದ ಎಬ್ಬಿಸಿ, ಬಟ್ಟೆಯಲ್ಲಿ ಹಿಡಿದು ಎಳೆಯಿರಿ. ಬಿಟ್ಟರೆ ತಿನ್ನುವಾಗ ರಬ್ಬರ್ ಅಗಿದ ಹಾಗೆ ಇರುತ್ತದೆ.

ಕೆಂಡ ಡ್ರಮ್ಮಿನ ಒಂದು ಬದಿಗೆ, ಮಾಂಸ ಇನ್ನೊಂದು ಬದಿಗೆ, ಮುಚ್ಚಳ ಹಾಕಿದ್ದೇ ಇರಲಿ. ಒಳಗಿನ ಶಾಖ 110ರಿಂದ 130 ಡಿಗ್ರಿ ಸೆಲ್ಸಿಯಸ್. ಚಿಕನ್ ಥರ ಕೆಂಡದ ಮೇಲೇ ಇಟ್ಟರೆ ಹೊರಗೆ ಕರಕಲು, ಒಳಗೆ ಹಸಿ. ಹಂದಿ ಮಾಂಸ ಅರೆಬೆಂದರೆ ಲಾಡಿಹುಳದ ಭಯ ಬೇರೆ. ರಿಬ್ಸ್‌ನಲ್ಲಿ ಒಂದು ಅನುಕೂಲ ಇದೆ, ಮೂಳೆ ಸುತ್ತಲಿನ ಅಂಟು ನಾರು ಕರಗಿ ಮಾಂಸ ಮೆತ್ತಗಾಗೋದೇ ಒಳಗೆ 90 ಡಿಗ್ರಿ ದಾಟಿದ ಮೇಲೆ, ಅಷ್ಟರಲ್ಲಿ ಯಾವ ಹುಳವೂ ಉಳಿದಿರೋದಿಲ್ಲ. ಇಕ್ಕಳದಲ್ಲಿ ಒಂದು ತುದಿ ಹಿಡಿದು ಎತ್ತಿ ನೋಡಿ. ಪಕ್ಕೆ ಬಾಗಿ ಮೇಲ್ಮೈ ಬಿರುಕು ಬಿಟ್ಟರೆ ಆಯ್ತು.

ಮಸಾಲೆ ನಿಮ್ಮಿಷ್ಟ. ಬ್ಯಾಡಗಿ ಮೆಣಸಿನಪುಡಿ, ಕಾಳುಮೆಣಸು, ಬೆಳ್ಳುಳ್ಳಿ, ಉಪ್ಪು ಸಾಕು. ಬೆಲ್ಲ, ಹುಣಸೆ ರಸದ ಲೇಪವನ್ನು ಮಾತ್ರ ಕೊನೇ ಅರ್ಧ ಗಂಟೆಗೆ ಇಟ್ಟುಕೊಳ್ಳಿ. ನಾನು ಮೊದಲ ಸಲ ಹುರುಪಿನಲ್ಲಿ ಶುರುವಿಗೇ ಬೆಲ್ಲ ಬಳಿದು ಕೆಂಡದ ಮೇಲೇ ಇಟ್ಟಿದ್ದೆ. ಹೊರಗೆ ಬಂದದ್ದು ಟಾರು ಬಳಿದ ಹಲಗೆ. ಮನೆಯವರೆಲ್ಲ ಮುದ್ದೆಗೆ ಉಪ್ಪಿನಕಾಯಿ ನೆಂಚಿಕೊಂಡು ಎದ್ದರು.

ಹೊಗೆಗೆ ಒಣಗಿದ ಮಾವಿನ ಕೊಂಬೆ ಚೆನ್ನ, ಪಕ್ಕದ ಶ್ರೀನಿವಾಸಪುರದ ತೋಟಗಳಲ್ಲಿ ಬೇಕಾದಷ್ಟಿದೆ. ಎಲ್ಲೆಂದರಲ್ಲಿ ಸಿಗುತ್ತದೆ ಅಂತ ನೀಲಗಿರಿ ಹಾಕಬೇಡಿ, ಮಾಂಸಕ್ಕೆ ಔಷಧಿ ವಾಸನೆ ಹತ್ತುತ್ತದೆ. ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ವಿಚಾರಿಸಿ, ಕೀಟನಾಶಕವೋ ಕೆಮಿಕಲ್ಲೋ ಆಗಿದ್ದರೆ ಆ ಡ್ರಮ್ ಬಿಟ್ಟುಬಿಡಿ. ಜಾಲರಿಗೆ ಜಿಂಕ್ ಲೇಪ ಇದ್ದರೆ ಸ್ಟೀಲಿನದು ಹಾಕಿಸಿ.

ಬೀಫ್ ಆಸೆಯನ್ನು ಪೂರ್ತಿ ಬಿಡಬೇಕಾಗಿಲ್ಲ. ನಾಲ್ಕೈದು ಸಲ ಹಂದಿ ಪಕ್ಕೆ ಮಾಡಿದ ಮೇಲೆ ಎಮ್ಮೆ ಪಕ್ಕೆ ತಂದು, ಕುಕ್ಕರ್‌ನಲ್ಲಿ ಮುಕ್ಕಾಲು ಪಾಲು ಬೇಯಿಸಿ, ಆಮೇಲೆ ಒಂದು ಗಂಟೆ ಹೊಗೆಗೆ ಇಡಿ. ವಿಡಿಯೋದವರು ನೋಡಿದರೆ ಮೂಗು ಮುರಿಯುತ್ತಾರೆ, ಬಾಮೈದ ಮಾತ್ರ ಇನ್ನೊಂದು ಮೂಳೆ ಕೇಳುತ್ತಾನೆ.