ಬಿಲ್ ಇದೆ, ಮೂಟೆಯನ್ನು ನೋಡಿದವರು ಯಾರು?

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮೂರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಗೆ ನನ್ನನ್ನೇ ಅಧ್ಯಕ್ಷೆ ಮಾಡಿದ್ದಾರೆ. ಆಶಾ ಅಕ್ಕ ಚೆಕ್ ತಂದರೆ ಸಹಿ ಹಾಕುತ್ತೇನೆ, ಬಿಲ್ ಕೇಳಿಲ್ಲ. ಈಗ ಊರಲ್ಲಿ ಇಬ್ಬರೂ ಹಂಚಿಕೊಂಡಿದ್ದೇವೆ ಅಂತ ಮಾತು. ಅಕ್ಕನಿಗೆ ಬೇಜಾರಾಗದಂತೆ ಲೆಕ್ಕ ನೋಡುವುದು ಹೇಗೆ?

ಉತ್ತರ: ಇನ್ನು ಮೇಲೆ ಸಭೆಯ ಠರಾವು ನೋಡದೆ ಚೆಕ್‌ಗೆ ಸಹಿ ಹಾಕಬೇಡಿ, ಖರ್ಚಾದ ಮೇಲೆ ಬಿಲ್ ಕೇಳದೆ ಬಿಡಬೇಡಿ. ಖಾತೆ ಜಂಟಿಯಾಗಿದೆ, ನಾಳೆ ಯಾರಾದರೂ ಕೇಳಿದರೆ ಇಬ್ಬರೂ ಉತ್ತರ ಕೊಡಬೇಕಾಗುತ್ತದೆ. ಹಾಗಂತ ಆಶಾ ಅಕ್ಕನ ಮೇಲೆ ಅನುಮಾನ ಇಟ್ಟುಕೊಂಡು ಶುರು ಮಾಡುವುದೂ ಬೇಡ. ಎಷ್ಟೋ ಊರುಗಳಲ್ಲಿ ದುಡ್ಡು ಬರುವುದೇ ವರ್ಷದ ಕೊನೆಗೆ, ಬಂದ ಕೂಡಲೇ ಮಾರ್ಚ್ 31ರೊಳಗೆ ಮುಗಿಸಿ ಯುಸಿ (ದುಡ್ಡು ಬಳಸಿದ್ದೇವೆ ಅಂತ ಕೊಡುವ ಪ್ರಮಾಣಪತ್ರ) ಕೊಡಿ ಅಂತ ಒತ್ತಡ, ಅಷ್ಟರಲ್ಲಿ ಅವರು ತಮ್ಮ ಕೈಯಿಂದ ಹಾಕಿ ಆಟೋದಲ್ಲಿ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರುತ್ತಾರೆ, ಆ ಆಟೋದವನು ರಸೀದಿ ಎಲ್ಲಿ ಕೊಡುತ್ತಾನೆ? ಇಂಥದ್ದನ್ನು ಅವತ್ತೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ.

ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ಸಮಿತಿಗೆ ಬರುವುದು ವರ್ಷಕ್ಕೆ 10,000 ರೂಪಾಯಿವರೆಗಿನ ಮುಕ್ತ ನಿಧಿ. ಮುಕ್ತ ಅಂದರೆ ಊರಿಗೆ ಏನು ಬೇಕು ಅಂತ ಸಮಿತಿಯೇ ತೀರ್ಮಾನಿಸಬಹುದು, ಅಷ್ಟೆ. ಪಂಚಾಯಿತಿಗೆ ಬೇರೆ ಅನುದಾನ ಇರುವ ಕೆಲಸಕ್ಕೆ ಇದನ್ನು ಹಾಕುವಂತಿಲ್ಲ.

ಅಕ್ಕನ ಜೊತೆ ಒಂದು ಮಧ್ಯಾಹ್ನ ಅಂಗನವಾಡಿಯಲ್ಲಿ ಕೂತು ಪಾಸ್‌ಬುಕ್, ನಡಾವಳಿ ಪುಸ್ತಕ, ಓಚರ್‌ಗಳು ಮೂರನ್ನೂ ಅಕ್ಕಪಕ್ಕ ಇಡಿ. ತಾರೀಖು ಮಾತ್ರ ನೋಡಿ. ಮೊದಲು ಸಭೆಯ ಠರಾವು, ಆಮೇಲೆ ದುಡ್ಡು ತೆಗೆದದ್ದು, ಆಮೇಲೆ ಬಿಲ್, ಈ ಕ್ರಮ ಇರಬೇಕು. ದುಡ್ಡು ತೆಗೆದು ಎರಡು ತಿಂಗಳಾದ ಮೇಲೆ ಸಭೆ ನಡೆದಿದ್ದರೆ ಯಾಕೆ ಅಂತ ಕೇಳಲೇಬೇಕು.

ಇಷ್ಟಕ್ಕೇ ನಿಲ್ಲಬೇಡಿ. ಒಂದು ಊರಲ್ಲಿ ನಾನು ಲೆಕ್ಕ ನೋಡಲು ಕೂತಿದ್ದೆ. ಬ್ಲೀಚಿಂಗ್ ಪೌಡರ್ ಬಿಲ್ ಇತ್ತು, ಅಂಗಡಿಯ ಸೀಲ್ ಇತ್ತು, ಠರಾವೂ ಇತ್ತು. ಮೂಟೆ ಎಲ್ಲಿ ಅಂತ ಕೇಳಿದಾಗ ಅಂಗನವಾಡಿ ಮೂಲೆಯಲ್ಲಿ ಮುರಿದ ಕುರ್ಚಿಗಳ ಹಿಂದೆ ಸಿಕ್ಕಿತು. ಹೊಲಿಗೆ ಬಿಚ್ಚಿರಲಿಲ್ಲ. ಥಂಡಿ ಹಿಡಿದು ಒಳಗೆ ಕಲ್ಲಿನಂತೆ ಗಟ್ಟಿಯಾಗಿತ್ತು, ಮೂಗಿಗೆ ಹೊಡೆಯಬೇಕಾದ ಕ್ಲೋರಿನ್ ವಾಸನೆ ಇರಲೇ ಇಲ್ಲ. ಯಾರೂ ಒಂದು ರೂಪಾಯಿ ತಿಂದಿರಲಿಲ್ಲ, ಆದರೆ ಆ ಊರಿನ ನೀರಿನ ಟ್ಯಾಂಕಿಗೆ ಒಂದು ಚಮಚ ಪೌಡರೂ ಬಿದ್ದಿರಲಿಲ್ಲ. ನನಗೆ ಇವತ್ತಿಗೂ ಅದು ನೋವು. ಯುಸಿಯಲ್ಲಿ ಇದೆಲ್ಲ ಕಾಣುವುದಿಲ್ಲ, ಅದಕ್ಕೇ ಪ್ರತಿ ಬಿಲ್ ಹಿಡಿದುಕೊಂಡು ಆ ವಸ್ತು ಇರುವ ಜಾಗಕ್ಕೆ ಹೋಗಿ ಬನ್ನಿ.

ಓಚರ್‌ಗಳನ್ನು ಮೂರು ವರ್ಷ ಇಟ್ಟುಕೊಂಡು, ಗ್ರಾಮಸಭೆ ಕೇಳಿದರೆ ತೋರಿಸಬೇಕು ಅಂತ ಮಾರ್ಗಸೂಚಿಯೇ ಹೇಳುತ್ತದೆ. ಕೇಳುವವರೆಗೆ ಕಾಯುವುದು ಯಾಕೆ? ಮುಂದಿನ ಗ್ರಾಮಸಭೆಯಲ್ಲಿ ನೀವಿಬ್ಬರೂ ಒಟ್ಟಿಗೆ ನಿಂತು ಖರ್ಚನ್ನು ಒಂದೊಂದೇ ಸಾಲು ಓದಿಬಿಡಿ. ಓದುವುದು ಅಕ್ಕನೇ ಆದರೆ ಇನ್ನೂ ಒಳ್ಳೆಯದು, ಮಾತು ಬಂದಿರುವುದು ಅವರ ಹೆಸರಿಗೂ ಅಲ್ವಾ.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಒಂದು ಟ್ರಸ್ಟ್ ಸರ್ಕಾರದ ಅನುದಾನದಲ್ಲಿ ಸಂಚಾರಿ ಆರೋಗ್ಯ ವಾಹನ ಓಡಿಸುತ್ತದೆ. ಲೆಕ್ಕ ಕೇಳಿದರೆ ನಾವು ಖಾಸಗಿ ಎನ್ನುತ್ತಾರೆ. ಕೇಳಬಹುದೇ?

ಉತ್ತರ: ಖಂಡಿತ ಕೇಳಬಹುದು. ಸರ್ಕಾರದ ದುಡ್ಡಿನಿಂದಲೇ ಹೆಚ್ಚಾಗಿ ನಡೆಯುವ ಸರ್ಕಾರೇತರ ಸಂಸ್ಥೆಯೂ 2005ರ ಮಾಹಿತಿ ಹಕ್ಕು ಕಾಯ್ದೆಯ ಒಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆದರೆ ಟ್ರಸ್ಟ್ ಜೊತೆ ವಾದ ಮಾಡುತ್ತಾ ಕೂರುವುದಕ್ಕಿಂತ ಅನುದಾನ ಕೊಟ್ಟ ಇಲಾಖೆಗೇ ಅರ್ಜಿ ಹಾಕುವುದು ಸುಲಭ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಹಾಗಾಗಿ ಎಲ್ಲಾ ಲೆಕ್ಕ ಕೊಡಿ ಅಂತ ಬರೆಯಬೇಡಿ. ಮಂಜೂರಾತಿ ಆದೇಶ, ಯುಸಿ, ಜೊತೆಗೆ ಒಂದೇ ಒಂದು ತಿಂಗಳ ವಾಹನದ ಲಾಗ್ ಬುಕ್ ಕೇಳಿ. ಆ ತಿಂಗಳು ನಿಮ್ಮೂರಿಗೆ ಎಷ್ಟು ಸಲ ಬಂದಿತ್ತು ಅಂತ ಲಾಗ್ ಬುಕ್ಕಿನಲ್ಲಿದೆ, ನಿಜವಾಗಿ ಎಷ್ಟು ಸಲ ಬಂದಿತ್ತು ಅಂತ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯವರಿಗೆ ಗೊತ್ತಿರುತ್ತದೆ.